ಊರುಗೋಲು ಯಾವ ಕೈಯಲ್ಲಿ? ವೃದ್ಧರ ಸೇವಾಕರ್ತರ ತರಬೇತಿ: ಒಂದು ವಿಮರ್ಶೆ

ಬಲಗಡೆಯ ಸೊಂಟದ ಕೀಲಿನಲ್ಲಿ ನೋವಿರುವ ವೃದ್ಧರೊಬ್ಬರು ಊರುಗೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ಈ ಪ್ರಶ್ನೆಯನ್ನು ಬಿ.ಎಸ್ಸಿ. ವಿದ್ಯಾರ್ಥಿಗಳಿಗೂ ಕೇಳಿದ್ದೇನೆ, ವೃದ್ಧರ ಮನೆಗಳಿಗೆ ಹೋಗಿ ಬರುವ ಆರೋಗ್ಯ ಕಾರ್ಯಕರ್ತೆಯರಿಗೂ ಕೇಳಿದ್ದೇನೆ. ಹೆಚ್ಚಿನವರ ಉತ್ತರ ಬಲಗೈ. ನೋವಿರುವ ಕಡೆಗೇ ಆಸರೆ ಇರಬೇಕು ಎಂಬುದು ಸಹಜವಾದ ಎಣಿಕೆ. ಸರಿಯಾದ ಉತ್ತರ ಎಡಗೈ. ನಾನು ಓದಿದ ತರಬೇತಿ ಕೈಪಿಡಿಗಳಲ್ಲಿ ಈ ಉತ್ತರ ಒಂದು ಸಾಲಿನಲ್ಲಿ ಸಿಗುತ್ತದೆ. ಏಕೆ ಎಂಬುದು ಮಾತ್ರ ಸಿಗುವುದಿಲ್ಲ.

ಏಕೆ ಎಂಬುದನ್ನು ತಿಳಿಯಲು ಪ್ರೌಢಶಾಲೆಯ ಸನ್ನೆಯ ಪಾಠ ಸಾಕು. 60 ಕಿಲೋಗ್ರಾಂ ತೂಕದ ವ್ಯಕ್ತಿ ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಕ್ಷಣ ಬಲಗಾಲಿನ ಮೇಲಷ್ಟೇ ನಿಂತಿರುತ್ತಾರೆ. ಆಗ ಬಲಸೊಂಟದ ಕೀಲು ಹೊರುವುದು ಆ ಕಾಲನ್ನು ಬಿಟ್ಟು ಉಳಿದ ದೇಹವನ್ನು, ಅಂದರೆ ಸುಮಾರು 50 ಕಿಲೋಗ್ರಾಂ ಭಾರವನ್ನು. ಈ ಭಾರದ ಗುರುತ್ವ ಕೇಂದ್ರ ಕೀಲಿನಿಂದ ಒಳಭಾಗಕ್ಕೆ ಸುಮಾರು 10 ಸೆಂ.ಮೀ. ದೂರದಲ್ಲಿದೆ. ದೇಹ ಎಡಕ್ಕೆ ಬೀಳದಂತೆ ಎಳೆದು ಹಿಡಿಯುವ ಸ್ನಾಯುಗಳು ಕೀಲಿನ ಹೊರಬದಿಯಲ್ಲಿ ಸುಮಾರು 5 ಸೆಂ.ಮೀ. ದೂರದಲ್ಲಿವೆ. ಸನ್ನೆಯ ಒಂದು ತೋಳು ಇನ್ನೊಂದರ ಅರ್ಧದಷ್ಟಿರುವುದರಿಂದ ಸ್ನಾಯುಗಳು 100 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯಬೇಕಾಗುತ್ತದೆ. ಎರಡೂ ಸೇರಿ ಕೀಲಿನ ಮೇಲೆ ಬೀಳುವ ಹೊರೆ 150. ಈಗ ಎಡಗೈಯಲ್ಲಿ ಕೋಲು ಕೊಡೋಣ. ಅದು ಬಲಸೊಂಟದ ಕೀಲಿನಿಂದ ಸುಮಾರು 45 ಸೆಂ.ಮೀ. ದೂರದಲ್ಲಿ ನೆಲವನ್ನು ಮುಟ್ಟುತ್ತದೆ. ಅದರ ಮೇಲೆ ಕೇವಲ 5 ಕಿಲೋಗ್ರಾಂ ತೂಕದಷ್ಟು ಒತ್ತಿದರೆ 500ರಲ್ಲಿ 225 ಕಳೆದು 275 ಉಳಿಯುತ್ತದೆ. ಸ್ನಾಯುವಿನ ಎಳೆತ 55ಕ್ಕೆ ಇಳಿಯುತ್ತದೆ, ಕೀಲಿನ ಹೊರೆ 150ರಿಂದ 100ಕ್ಕೆ ಇಳಿಯುತ್ತದೆ. ಅಂಕಿಗಳನ್ನು ಲೆಕ್ಕದ ಅನುಕೂಲಕ್ಕೆ ದುಂಡಾಗಿಸಿದ್ದೇನೆ, ತತ್ವ ಬದಲಾಗುವುದಿಲ್ಲ. ಅದೇ ಕೋಲನ್ನು ಬಲಗೈಯಲ್ಲಿ ಊರಿದರೆ ಅದರ ತಿರುಗುಬಲ ದೇಹವನ್ನು ಇನ್ನಷ್ಟು ಎಡಕ್ಕೇ ತಳ್ಳುತ್ತದೆ. ಆ ನಷ್ಟ ತುಂಬಿಕೊಳ್ಳಲು ವ್ಯಕ್ತಿ ಇಡೀ ಮೈಯನ್ನು ಬಲಕ್ಕೆ ವಾಲಿಸಿಕೊಂಡು ನಡೆಯುತ್ತಾರೆ.

ಉತ್ತರವನ್ನಷ್ಟೇ ಬಾಯಿಪಾಠ ಮಾಡಿದ ಕಾರ್ಯಕರ್ತೆ, ‘ನನಗೆ ಬಲಗೈಯೇ ರೂಢಿ’ ಎಂದು ಹಟ ಹಿಡಿಯುವ ಅಜ್ಜನ ಮುಂದೆ ಸೋಲುತ್ತಾಳೆ. ಕಾರಣ ತಿಳಿದವಳು ಕೋಲನ್ನು ಎರಡೂ ಕೈಗೆ ಕೊಟ್ಟು ನಾಲ್ಕು ಹೆಜ್ಜೆ ನಡೆಸಿ, ಯಾವುದರಲ್ಲಿ ನೋವು ಕಡಿಮೆ ಎಂದು ಅವರನ್ನೇ ಕೇಳುತ್ತಾಳೆ. ವೃದ್ಧರ ಸೇವೆಗೆ ನಿಲ್ಲುವವರಿಗೆ ಇಂದು ಕೊಡುತ್ತಿರುವ ತರಬೇತಿಯ ಬಗ್ಗೆ ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ.

ತರಬೇತಿಯ ಅಗತ್ಯದ ಬಗ್ಗೆ ಎರಡು ಮಾತಿಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ವರ್ಷ ದಾಟಿದವರು 10 ಕೋಟಿ 38 ಲಕ್ಷ. ಕರ್ನಾಟಕದಲ್ಲಿ ಅವರ ಪ್ರಮಾಣ ಶೇಕಡ 9.5ರಷ್ಟಿತ್ತು. ಆ ಬಳಿಕ ಅದು ಏರುತ್ತಲೇ ಇದೆ. ವೃದ್ಧರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮ 2010-11ರಲ್ಲಿ ಆರಂಭವಾಯಿತು. 2005ರಲ್ಲಿ ತಾಯಿ ಮತ್ತು ಶಿಶುಗಳ ಆರೈಕೆಯನ್ನು ಮುಖ್ಯವಾಗಿಟ್ಟುಕೊಂಡು ಹುಟ್ಟಿದ ಆಶಾ ವ್ಯವಸ್ಥೆಗೆ ಈಗ ವೃದ್ಧರೂ ಸೇರಿದ್ದಾರೆ. ಆಶಾ ಕಾರ್ಯಕರ್ತೆ ಮನೆಮನೆಯಲ್ಲಿ ತುಂಬುವ ಸಮುದಾಯ ತಪಾಸಣಾ ಪಟ್ಟಿಯಲ್ಲಿ, ನಿಲ್ಲುವಾಗ ನಡೆಯುವಾಗ ಜೋಲಿ ಹೊಡೆಯುತ್ತದೆಯೇ, ಊಟ, ಸ್ನಾನ, ಶೌಚಕ್ಕೆ ಬೇರೆಯವರ ನೆರವು ಬೇಕೇ, ಹತ್ತಿರದವರ ಹೆಸರು ಅಥವಾ ಮನೆಯ ವಿಳಾಸ ಮರೆಯುತ್ತದೆಯೇ ಎಂಬ ಪ್ರಶ್ನೆಗಳಿವೆ. ಇವರಲ್ಲದೆ ಖಾಸಗಿ ಸಂಸ್ಥೆಗಳಿಂದ ಮನೆಗೆ ಬರುವ ಆರೈಕೆಗಾರರು, ವೃದ್ಧಾಶ್ರಮಗಳ ಸಹಾಯಕರು, ಹಗಲು ಕೇಂದ್ರಗಳ ಸಿಬ್ಬಂದಿ ಇದ್ದಾರೆ. ನಗರಗಳಲ್ಲಿ, ಮಕ್ಕಳು ದೂರದ ದೇಶದಲ್ಲಿರುವ ಮನೆಗಳಲ್ಲಿ, ಇಡೀ ದಿನ ವೃದ್ಧರ ಜೊತೆಗಿರುವ ಏಕೈಕ ವ್ಯಕ್ತಿ ಇಂಥ ಆರೈಕೆಗಾರಳೇ ಆಗಿರುವುದುಂಟು.

ಇವರಿಗಾಗಿ ನಡೆದ ಎರಡು ದಿನಗಳ ತರಬೇತಿಯೊಂದಕ್ಕೆ ಒಂದು ಗಂಟೆಯ ಉಪನ್ಯಾಸ ಕೊಡಲು ಹೋಗಿದ್ದೆ. ಉಳಿದ ಹೊತ್ತು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದೆ. ವೃದ್ಧಾಪ್ಯದ ಸಾಮಾಜಿಕ ಹಿನ್ನೆಲೆ, ಕೂಡುಕುಟುಂಬಗಳ ಕುಸಿತ, 2007ರ ತಂದೆತಾಯಿಗಳ ಪೋಷಣೆಯ ಕಾಯಿದೆ, ಹಿರಿಯರನ್ನು ಗೌರವಿಸುವ ನಮ್ಮ ಪರಂಪರೆ ಇವೆಲ್ಲ ಚೆನ್ನಾಗಿಯೇ ಬಂದವು. ಪರದೆಯ ಮೇಲಿದ್ದುದನ್ನು ಓದಿ ಹೇಳಿದರು. ರಕ್ತದೊತ್ತಡ ಅಳೆಯುವ ಯಂತ್ರವೊಂದು ಮೇಜಿನ ಮೇಲೆ ಪೆಟ್ಟಿಗೆಯಲ್ಲೇ ಇತ್ತು. ಎರಡನೆಯ ದಿನ ಸಂಜೆ ಇಪ್ಪತ್ತು ಬಹು ಆಯ್ಕೆ ಪ್ರಶ್ನೆಗಳು, ಆಮೇಲೆ ಪ್ರಮಾಣಪತ್ರ. ಬಂದಿದ್ದವರಲ್ಲಿ ಒಬ್ಬರೂ ಇನ್ನೊಬ್ಬರನ್ನು ಕುರ್ಚಿಯಿಂದ ಎಬ್ಬಿಸಿ ನೋಡಲಿಲ್ಲ. ನಮ್ಮ ಪಿ.ಯು. ವಿದ್ಯಾರ್ಥಿ ಲೋಲಕವನ್ನು ಮುಟ್ಟದೆ ಪ್ರಾಯೋಗಿಕ ಪರೀಕ್ಷೆ ಪಾಸಾದರೆ ನಾವು ಪತ್ರಿಕೆಗೆ ಬರೆಯುತ್ತೇವೆ. ಇಲ್ಲಿ ಯಾರಿಗೂ ಅದು ಅಸಹಜವೆನಿಸಲಿಲ್ಲ.

ಎಲ್ಲ ತರಬೇತಿಗಳೂ ಹೀಗಿರುತ್ತವೆ ಎನ್ನಲಾರೆ. ಬೆಂಗಳೂರಿನಲ್ಲಿ ಹಾಸಿಗೆಯ ಬಳಿ ನಿಲ್ಲಿಸಿ ತಿಂಗಳುಗಟ್ಟಲೆ ಕಲಿಸುವ ಸಂಸ್ಥೆಗಳಿವೆ. ಆದರೆ ಬಹುಸಂಖ್ಯೆಯ ಕಾರ್ಯಕರ್ತೆಯರಿಗೆ ಸಿಗುವುದು ಮೊದಲ ಬಗೆಯದು.

ಅಳತೆ ಎಂಬ ಶಿಸ್ತು

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ‘ವೃದ್ಧರಿಗೆ ಸಮಗ್ರ ಆರೈಕೆ’ ಎಂಬ ಮಾರ್ಗಸೂಚಿಯನ್ನೂ 2019ರಲ್ಲಿ ಅದರ ಕೈಪಿಡಿಯನ್ನೂ ಪ್ರಕಟಿಸಿತು. ವೈದ್ಯರಲ್ಲದವರೂ ವೃದ್ಧರ ಮನೆಯಲ್ಲೇ ಮಾಡಬಹುದಾದ ಸರಳ ಪರೀಕ್ಷೆಗಳು ಅದರಲ್ಲಿವೆ. ರೋಗಗಳ ಹೆಸರು ಹಿಡಿದು ಹೋಗದೆ ವ್ಯಕ್ತಿಗೆ ಏನು ಸಾಧ್ಯ ಎಂದು ನೋಡುವುದು ಅದರ ದೊಡ್ಡ ಗುಣ. ನೆನಪು, ಚಲನೆ, ಪೋಷಣೆ, ದೃಷ್ಟಿ, ಶ್ರವಣ, ಮನಸ್ಸು ಹೀಗೆ ಆರು ಸಾಮರ್ಥ್ಯಗಳು. ಇದನ್ನು ರೂಪಿಸಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಕೈಪಿಡಿಯಿಂದ ಪರದೆಗೆ, ಪರದೆಯಿಂದ ಕಾರ್ಯಕರ್ತೆಯ ಚೀಟಿಗೆ ಇಳಿಯುವಾಗ ಏನಾಗುತ್ತದೆ ಎಂಬುದನ್ನು ನೋಡಬೇಕು.

ಚಲನೆಯ ಪರೀಕ್ಷೆ ಹೀಗಿದೆ: ಕೈಗಳ ನೆರವಿಲ್ಲದೆ ಕುರ್ಚಿಯಿಂದ ಐದು ಸಲ ಏಳಬೇಕು, 14 ಸೆಕೆಂಡಿನೊಳಗೆ ಮುಗಿದರೆ ಸರಿ. ಚೀಟಿಯಲ್ಲಿ ಉಳಿಯುವುದು ಐದು ಮತ್ತು ಹದಿನಾಲ್ಕು ಎಂಬ ಎರಡು ಅಂಕಿಗಳು ಮಾತ್ರ. ಯಾವ ಕುರ್ಚಿ? ಕುಳಿತ ಎತ್ತರ ಕಡಿಮೆಯಾದಷ್ಟೂ ದೇಹದ ಭಾರವನ್ನು ಹೆಚ್ಚು ಎತ್ತರಕ್ಕೆ ಎತ್ತಬೇಕು, ಮಂಡಿಯ ಮೇಲಿನ ತಿರುಗುಬಲವೂ ಹೆಚ್ಚುತ್ತದೆ. ಗಟ್ಟಿಯಾದ ಮರದ ಕುರ್ಚಿಯಿಂದ 12 ಸೆಕೆಂಡಿನಲ್ಲಿ ಐದು ಸಲ ಎದ್ದವರು ಜಗಲಿಯಿಂದಲೋ ತಗ್ಗಾದ ಮಂಚದಿಂದಲೋ ಅಷ್ಟರಲ್ಲಿ ಏಳಲಾರರು. ಪ್ಲಾಸ್ಟಿಕ್ ಕುರ್ಚಿ ಭಾರಕ್ಕೆ ಬಾಗುತ್ತದೆ, ನುಣುಪು ನೆಲದಲ್ಲಿ ಹಿಂದಕ್ಕೆ ಜಾರುತ್ತದೆ. ಅದನ್ನು ಗೋಡೆಗೆ ಆನಿಸಿ ಇಡಬೇಕು ಎಂಬುದು ಸುರಕ್ಷತೆಯ ಮಾತೂ ಹೌದು, ಅಳತೆಯ ಮಾತೂ ಹೌದು. ಆರು ತಿಂಗಳ ಬಳಿಕ ಬೇರೆ ಕುರ್ಚಿಯಲ್ಲಿ ಅದೇ ಪರೀಕ್ಷೆ ಮಾಡಿ ‘ಶಕ್ತಿ ಕುಂದಿದೆ’ ಎಂದು ಬರೆದರೆ ಅದು ದಾರದ ಉದ್ದ ಬರೆದಿಡದೆ ಲೋಲಕದ ಆವರ್ತ ಕಾಲವನ್ನು ಹೋಲಿಸಿದಂತೆ. ಕಾರ್ಯಕರ್ತೆಗೆ ಒಂದು ಅಳತೆ ಪಟ್ಟಿ ಕೊಟ್ಟು, ಕುರ್ಚಿಯ ಎತ್ತರವನ್ನೂ ಬರೆದುಕೊಳ್ಳಲು ಕಲಿಸಿದರೆ ಇದು ನೇರವಾಗುತ್ತದೆ. ಅದಕ್ಕೆ ಬೇಕಾದ ಸಮಯ ಐದು ನಿಮಿಷ.

ಶ್ರವಣಕ್ಕೆ ಪಿಸುಮಾತಿನ ಪರೀಕ್ಷೆ ಇದೆ. ವ್ಯಕ್ತಿಯ ಹಿಂದೆ, ಒಂದು ಪಕ್ಕಕ್ಕೆ, ಕೈಯಳತೆಯ ದೂರದಲ್ಲಿ ನಿಂತು, ಇನ್ನೊಂದು ಕಿವಿಯನ್ನು ಮುಚ್ಚಿಸಿ, ಉಸಿರು ಹೊರಬಿಟ್ಟು ಆಮೇಲೆ ನಾಲ್ಕು ಪದಗಳನ್ನು ಪಿಸುಗುಟ್ಟಬೇಕು. ಉಸಿರು ಏಕೆ ಬಿಡಬೇಕು? ಶ್ವಾಸಕೋಶ ತುಂಬಿರುವಾಗ ಪಿಸುಮಾತು ಜೋರಾಗುತ್ತದೆ, ಉಸಿರು ಬಿಟ್ಟ ಮೇಲೆ ಅದು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಮೆಲುವಾಗಿರುತ್ತದೆ. ಪರೀಕ್ಷಕಳ ಗಂಟಲನ್ನೇ ಉಪಕರಣ ಮಾಡಿಕೊಂಡು ಅದನ್ನು ಅಣಿಗೊಳಿಸುವ ಜಾಣ ವಿಧಾನ ಇದು. ದೂರವನ್ನು ಅರ್ಧ ಮಾಡಿದರೆ ಶಬ್ದದ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ. ಹಿಂದೆ ನಿಲ್ಲುವುದು ತುಟಿ ಕಾಣದಿರಲಿ ಎಂದು. ಈ ಕಾರಣಗಳನ್ನು ಕೈಬಿಟ್ಟರೆ ಉಳಿಯುವುದು ‘ಪಿಸುಮಾತಿನಿಂದ ಪರೀಕ್ಷಿಸಿ’ ಎಂಬ ಆದೇಶ. ಅಡುಗೆ ಮನೆಯಲ್ಲಿ ಮಿಕ್ಸಿ ತಿರುಗುತ್ತಿರುವಾಗ ಎದುರಿಗೆ ನಿಂತು ಪಿಸುಗುಟ್ಟಿ ‘ಕಿವಿ ಕೇಳಿಸುವುದಿಲ್ಲ’ ಎಂದೋ ‘ಕೇಳಿಸುತ್ತದೆ’ ಎಂದೋ ಗುರುತು ಹಾಕಿದರೆ ಎರಡಕ್ಕೂ ಬೆಲೆಯಿಲ್ಲ.

ಕಿವಿ ಮಂದವಾದವರ ಜೊತೆ ಹೇಗೆ ಮಾತನಾಡಬೇಕು ಎಂಬಲ್ಲಿ ಮತ್ತೆ ಅದೇ ಕೊರತೆ. ‘ಜೋರಾಗಿ ಮಾತನಾಡಿ’ ಎನ್ನುತ್ತಾರೆ. ವಯಸ್ಸಿನಿಂದ ಬರುವ ಕಿವುಡು ಮೊದಲು ತಟ್ಟುವುದು ಹೆಚ್ಚು ಆವೃತ್ತಿಯ ಶಬ್ದಗಳಿಗೆ. ಸ್ವರಗಳ ಶಕ್ತಿ ಕಡಿಮೆ ಆವೃತ್ತಿಗಳಲ್ಲಿದೆ, ಸಕಾರ ತಕಾರಗಳಂಥ ವ್ಯಂಜನಗಳ ಗುರುತು ಹೆಚ್ಚು ಆವೃತ್ತಿಗಳಲ್ಲಿದೆ. ಆದ್ದರಿಂದ ಹಾಲು, ಕಾಲು, ಸಾಲು, ಪಾಲು ಎಲ್ಲವೂ ಅವರಿಗೆ ‘ಆಲು’ ಎಂಬಂತೆ ಕೇಳಬಹುದು. ಕಿರುಚಿದರೆ ಸ್ವರ ಮಾತ್ರ ಹಿಗ್ಗುತ್ತದೆ, ವ್ಯಂಜನ ಅದರಡಿ ಮುಳುಗುತ್ತದೆ. ಎದುರಿಗೆ ಬೆಳಕಿನಲ್ಲಿ ನಿಂತು, ನಿಧಾನವಾಗಿ, ಸ್ವಲ್ಪ ತಗ್ಗಿದ ಶ್ರುತಿಯಲ್ಲಿ ಮಾತನಾಡಿ, ಅರ್ಥವಾಗದಿದ್ದರೆ ಪದವನ್ನೇ ಬದಲಿಸಬೇಕು. ‘ಕಾಲು’ ಕೇಳಿಸದಿದ್ದರೆ ‘ಪಾದ’ ಎನ್ನಬೇಕು. ನಮ್ಮ ಮನೆಗಳಲ್ಲಿ ವೃದ್ಧರ ಮೇಲೆ ಕೂಗಾಡುವುದರಲ್ಲಿ ಎಷ್ಟೋ ಪಾಲು ಸಿಟ್ಟಿನದಲ್ಲ, ಧ್ವನಿಶಾಸ್ತ್ರದ ಅಜ್ಞಾನದ್ದು.

ನೆನಪಿನ ಪರೀಕ್ಷೆ ಭೌತಶಾಸ್ತ್ರದ ವ್ಯಾಪ್ತಿಗೆ ಸೇರಿದ್ದಲ್ಲ. ಆದರೂ ಅಳತೆಯ ದೃಷ್ಟಿಯಿಂದ ಒಂದು ಮಾತು ಹೇಳಬೇಕು. ಮೂರು ಪದ ನೆನಪಿಡಿಸುವುದರ ಜೊತೆಗೆ ಇವತ್ತಿನ ಪೂರ್ಣ ದಿನಾಂಕ ಕೇಳಬೇಕು ಎಂದಿದೆ. ‘ಅಜ್ಜೀ, ಇವತ್ತು ತಾರೀಖು ಎಷ್ಟು?’ ಎಂದರೆ ‘ತಾರೀಖು ನಂಗೇನು ಗೊತ್ತವ್ವಾ, ಅಮಾಸೆ ಆಗಿ ಮೂರು ದಿನ ಆಯ್ತು’ ಎನ್ನುವ ಅಜ್ಜಿಯ ಮೆದುಳು ಕಾಲದ ಲೆಕ್ಕವನ್ನು ಕರಾರುವಾಕ್ಕಾಗಿ ಇಟ್ಟಿದೆ. ಚೀಟಿಯಲ್ಲಿ ಅವಳಿಗೆ ‘ತಪ್ಪು’ ಬೀಳುತ್ತದೆ. ಹರಿಯಾಣದ ಬಲ್ಲಬ್‌ಗಢದಲ್ಲಿ ಅಕ್ಷರ ಬಾರದ ಗ್ರಾಮೀಣ ವೃದ್ಧರಿಗಾಗಿ ಹಿಂದಿಯಲ್ಲಿ ರೂಪಿಸಿ 1995ರಲ್ಲಿ ಪ್ರಕಟಿಸಿದ ಪರೀಕ್ಷೆ ಈ ಸಮಸ್ಯೆಯನ್ನು ಎದುರಿಸಿಯೇ ಹುಟ್ಟಿದ್ದು. ಓದುಬರಹವನ್ನು ಅವಲಂಬಿಸಿದ ಪ್ರಶ್ನೆಗಳನ್ನು ಅದರಲ್ಲಿ ಬದಲಿಸಿದರು. ಮೂರು ದಶಕಗಳ ಹಿಂದೆ ನಮ್ಮ ದೇಶದಲ್ಲೇ ಆದ ಕೆಲಸ ನಮ್ಮ ತರಬೇತಿಯ ಕೊಠಡಿಗೆ ಬಂದಿಲ್ಲ.

ಎಂಟು ಮಿಲಿಮೀಟರ್

ರಕ್ತದೊತ್ತಡದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಲ್ಲಿ ತಪ್ಪು ಅಳತೆ ನೇರವಾಗಿ ಮಾತ್ರೆಯಾಗುತ್ತದೆ. ತೋಳಿಗೆ ಸುತ್ತುವ ಪಟ್ಟಿ ಹೃದಯದ ಮಟ್ಟದಲ್ಲಿರಬೇಕು ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಎಷ್ಟು ಕೆಳಗಿದ್ದರೆ ಎಷ್ಟು ತಪ್ಪು? ರಕ್ತದ ಸಾಂದ್ರತೆ ನೀರಿನ 1.06ರಷ್ಟು, ಪಾದರಸದ್ದು 13.6ರಷ್ಟು. 10 ಸೆಂ.ಮೀ. ಎತ್ತರದ ರಕ್ತದ ಕಂಬ ಸುಮಾರು 8 ಮಿ.ಮೀ. ಪಾದರಸಕ್ಕೆ ಸಮ. ಪಟ್ಟಿ ಹೃದಯಕ್ಕಿಂತ ಒಂದು ಗೇಣಿನ ಅರ್ಧದಷ್ಟು ಕೆಳಗಿದ್ದರೆ 134 ಇರುವ ಒತ್ತಡ 142 ಎಂದು ಕಾಣುತ್ತದೆ. 140ರ ಗೆರೆ ದಾಟಿತು! ಮಂಚದ ಅಂಚಿನಲ್ಲಿ ಕೈ ಜೋತುಬಿಟ್ಟು ಕುಳಿತವರಿಗೆ, ಬಿಗಿಯಾದ ತೋಳನ್ನು ಮೇಲಕ್ಕೆ ಮಡಚಿದವರಿಗೆ, ಮೆಟ್ಟಿಲು ಹತ್ತಿ ಬಂದ ಕೂಡಲೇ ಪಟ್ಟಿ ಸುತ್ತಿಸಿಕೊಂಡವರಿಗೆ ನಾವು ರೋಗವನ್ನು ಕೊಟ್ಟು ಕಳಿಸುತ್ತಿರಬಹುದು. ‘ಹೃದಯದ ಮಟ್ಟ’ ಎಂಬ ಎರಡು ಪದವನ್ನು ಓದಿಸುವ ಬದಲು, ಒಬ್ಬರ ತೋಳಿನಲ್ಲೇ ಕೈ ಇಳಿಬಿಟ್ಟು ಒಮ್ಮೆ, ಮೇಜಿನ ಮೇಲಿಟ್ಟು ಒಮ್ಮೆ, ತಲೆಯ ಮಟ್ಟಕ್ಕೆ ಎತ್ತಿ ಒಮ್ಮೆ ಅಳೆಸಿದರೆ ಆ ಮೂರು ಅಂಕಿಗಳನ್ನು ಯಾವ ಕಾರ್ಯಕರ್ತೆಯೂ ಮರೆಯುವುದಿಲ್ಲ.

ಇನ್ನೊಂದು ಹೆಚ್ಚು ಗಂಭೀರವಾದ ಲೋಪ. ವೃದ್ಧರ ಒತ್ತಡವನ್ನು ಕುಳ್ಳಿರಿಸಿ ಮಾತ್ರ ಅಳೆಯಲು ಕಲಿಸುತ್ತಾರೆ. ಮಲಗಿದ್ದವರು ಎದ್ದು ನಿಂತಾಗ ರಕ್ತ ಕಾಲುಗಳಿಗೆ ಇಳಿಯುತ್ತದೆ. ಯುವಕರಲ್ಲಿ ರಕ್ತನಾಳಗಳು ತಕ್ಷಣ ಬಿಗಿಯಾಗಿ, ಹೃದಯ ಬೇಗ ಬಡಿದು ಇದನ್ನು ಸರಿದೂಗಿಸುತ್ತವೆ. ವಯಸ್ಸಾದವರಲ್ಲಿ, ಅದರಲ್ಲೂ ಒತ್ತಡದ ಮಾತ್ರೆ ತಿನ್ನುವವರಲ್ಲಿ, ಈ ಪ್ರತಿಕ್ರಿಯೆ ತಡವಾಗುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ದೋಷವೆಂದು ಪರಿಗಣಿಸುತ್ತಾರೆ. ರಾತ್ರಿ ಶೌಚಕ್ಕೆ ಎದ್ದವರು ಬೀಳುವುದರ ಹಿಂದೆ ಅನೇಕ ಸಲ ಇದೇ ಇದೆ. ಐದು ನಿಮಿಷ ಮಲಗಿಸಿ ಅಳೆದು, ನಿಲ್ಲಿಸಿ ಒಂದನೆಯ ನಿಮಿಷದಲ್ಲೊಮ್ಮೆ ಮೂರನೆಯ ನಿಮಿಷದಲ್ಲೊಮ್ಮೆ ಅಳೆಯುವುದು ಅದೇ ಯಂತ್ರದಿಂದ ಸಾಧ್ಯ. ನಿಲ್ಲಿಸುವಾಗ ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರಿರಬೇಕು, ಅಷ್ಟೆ. ಬೀಳುವುದನ್ನು ತಡೆಯುವ ಕೆಲಸ ಎಷ್ಟು ದೊಡ್ಡದೆಂದರೆ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ, ಅವರಲ್ಲಿ ದೊಡ್ಡ ಪಾಲು 60 ದಾಟಿದವರದು.

ಬೀಳುವ ಜಾಗದ ಬಗ್ಗೆ ಕೈಪಿಡಿಗಳು ‘ನೆಲ ಒಣಗಿರಲಿ, ಬೆಳಕಿರಲಿ’ ಎಂದು ಹೇಳಿ ಮುಂದೆ ಹೋಗುತ್ತವೆ. ಶಿಕ್ಷಕ ಓದುಗರು ಇದನ್ನು ತರಗತಿಯಲ್ಲೇ ಅಳೆಯಬಹುದು. ಬಚ್ಚಲಿಗೆ ಹಾಕುವಂಥ ಟೈಲ್ಸ್ ಒಂದನ್ನು ಹಲಗೆಗೆ ಕಟ್ಟಿ, ಮೇಲೆ ಒಂದು ರಬ್ಬರ್ ಚಪ್ಪಲಿಯಿಟ್ಟು ಅದರ ಮೇಲೆ ಕಲ್ಲು ಹೇರಿ, ಹಲಗೆಯನ್ನು ನಿಧಾನವಾಗಿ ಎತ್ತುತ್ತ ಹೋಗಿ. ಜಾರಿದ ಕೋನದ ಟ್ಯಾಂಜೆಂಟ್ ಬೆಲೆಯೇ ಘರ್ಷಣ ಗುಣಾಂಕ. 27 ಡಿಗ್ರಿಯಲ್ಲಿ ಜಾರಿದರೆ 0.5, 11 ಡಿಗ್ರಿಯಲ್ಲೇ ಜಾರಿದರೆ 0.2. ಸಮನೆಲದಲ್ಲಿ ಸಾಧಾರಣ ನಡಿಗೆಗೆ ಬೇಕಾದುದು ಸುಮಾರು 0.2. ಒಣ ಟೈಲ್ಸ್, ಒದ್ದೆ ಟೈಲ್ಸ್, ಸೋಪಿನ ನೀರು, ಎಣ್ಣೆಸ್ನಾನದ ದಿನದ ಟೈಲ್ಸ್ ಹೀಗೆ ಒಂದೊಂದಾಗಿ ಅಳೆದು ಪಟ್ಟಿ ಮಾಡಿಸಿ. ಹೊಸ ಚಪ್ಪಲಿ ಮತ್ತು ಅಡಿ ಸವೆದ ಹಳೆಯ ಚಪ್ಪಲಿಯ ವ್ಯತ್ಯಾಸವನ್ನೂ ನೋಡಿ. ಈ ಹಲಗೆಯನ್ನು ತರಬೇತಿಯ ಕೊಠಡಿಗೆ ಒಯ್ದರೆ ‘ಬಚ್ಚಲು ಜಾರುತ್ತದೆ, ಹುಷಾರು’ ಎಂಬ ಎಚ್ಚರಿಕೆಗೆ ಅಂಕಿಯ ಬಲ ಬರುತ್ತದೆ, ಮನೆಯವರಿಗೆ ಒಂದು ಹಿಡಿಕೆ ಹಾಕಿಸಿ ಎಂದು ಹೇಳುವ ಧೈರ್ಯವೂ ಬರುತ್ತದೆ.

ಬೆಳಕಿನ ಬಗ್ಗೆ ಒಂದೇ ಸಂಗತಿ: 60ರ ವಯಸ್ಸಿನವರ ಅಕ್ಷಿಪಟಕ್ಕೆ 20ರ ವಯಸ್ಸಿನವರಿಗೆ ತಲುಪುವ ಬೆಳಕಿನ ಮೂರನೆಯ ಒಂದು ಭಾಗ ಮಾತ್ರ ತಲುಪುತ್ತದೆ. ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ. ಕಾರ್ಯಕರ್ತೆಗೆ ಸಾಕೆನಿಸಿದ ಬಲ್ಬು ಆ ಮನೆಯ ಅಜ್ಜನಿಗೆ ಸಾಲದು.

ಸೇವೆ ಮಾಡುವವರ ಬೆನ್ನು

ತರಬೇತಿಯ ಪಠ್ಯಗಳಲ್ಲಿ ನನ್ನನ್ನು ಹೆಚ್ಚು ಕಾಡಿದ ಮೌನ ಸೇವೆ ಮಾಡುವವರ ದೇಹದ ಬಗೆಗಿನದು. ಹೊರದೇಶಗಳಿಂದ ಬಂದ ಚಿತ್ರಗಳಲ್ಲಿ ಎತ್ತರ ಹೊಂದಿಸಬಹುದಾದ ಮಂಚ, ಎತ್ತುವ ಯಂತ್ರ, ಇಬ್ಬರು ಸಹಾಯಕರು. ನಮ್ಮಲ್ಲಿ ಅಜ್ಜಿ ಚಾಪೆಯ ಮೇಲೆ ನೆಲದಲ್ಲಿ ಮಲಗಿದ್ದಾಳೆ, ಎತ್ತಬೇಕಾದವಳು ಒಬ್ಬಳೇ. ಬಗ್ಗಿ ನಿಂತು ತೋಳು ಚಾಚಿ 20 ಕಿಲೋಗ್ರಾಂ ಭಾರ ಎತ್ತುವಾಗ ಆ ಭಾರ ಬೆನ್ನೆಲುಬಿನ ಬುಡದಿಂದ ಸುಮಾರು 40 ಸೆಂ.ಮೀ. ಮುಂದಿರುತ್ತದೆ. ಬೆನ್ನನ್ನು ಹಿಂದಕ್ಕೆ ಎಳೆಯುವ ಸ್ನಾಯು ಕೇವಲ 5 ಸೆಂ.ಮೀ. ಹಿಂದಿದೆ. ಈ ಭಾರಕ್ಕಾಗಿಯೇ ಸ್ನಾಯು 160 ಕಿಲೋಗ್ರಾಂ ತೂಕದಷ್ಟು ಎಳೆಯಬೇಕು. ಬಾಗಿದ ಆಕೆಯ ಸ್ವಂತ ಮೇಲ್ಮೈಯ ಭಾರವನ್ನು 30 ಕಿಲೋಗ್ರಾಂ ಎಂದೂ ಅದರ ದೂರವನ್ನು 25 ಸೆಂ.ಮೀ. ಎಂದೂ ಹಿಡಿದರೆ ಇನ್ನೂ 150. ಒಟ್ಟು 310, ಅಂದರೆ ಸುಮಾರು 3,000 ನ್ಯೂಟನ್. ಇದಕ್ಕೆ ಭಾರಗಳದ್ದೇ ಒಂದು ಪಾಲು ಸೇರುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ ಬೆನ್ನೆಲುಬಿನ ಬಿಲ್ಲೆಯ ಮೇಲಿನ ಒತ್ತುಬಲಕ್ಕೆ ಎಚ್ಚರಿಕೆಯ ಮಿತಿಯಾಗಿ ಇಟ್ಟುಕೊಂಡದ್ದು 3,400 ನ್ಯೂಟನ್. ರೋಗಿಗಳನ್ನು ಕೈಯಿಂದ ಎತ್ತುವುದಕ್ಕೆ ಅಲ್ಲಿನ ತಜ್ಞರು 2007ರಲ್ಲಿ ಸೂಚಿಸಿದ ಮಿತಿ ಸುಮಾರು 16 ಕಿಲೋಗ್ರಾಂ ಮಾತ್ರ. ನಮ್ಮ ಆರೈಕೆಗಾರಳು ಪ್ರತಿದಿನ, ದಿನಕ್ಕೆ ಹಲವು ಸಲ, ಈ ಗಡಿಯ ಆಚೆ ದುಡಿಯುತ್ತಾಳೆ.

ದೂರವನ್ನು 40ರಿಂದ 20 ಸೆಂ.ಮೀ.ಗೆ ಇಳಿಸಿದರೆ ಭಾರದ ಪಾಲು 160ರಿಂದ 80ಕ್ಕೆ ಇಳಿಯುತ್ತದೆ. ಮಂಡಿಯೂರಿ ಹತ್ತಿರ ಸರಿಯುವುದು, ವ್ಯಕ್ತಿಯನ್ನು ಮೊದಲು ಪಕ್ಕಕ್ಕೆ ಹೊರಳಿಸಿ ಅವರ ಕೈಯನ್ನೇ ಊರಿಸಿ ಕುಳ್ಳಿರಿಸುವುದು, ಆಮೇಲೆ ಒಂದು ತಗ್ಗು ಸ್ಟೂಲಿನ ಮೆಟ್ಟಿಲು ಮಾಡಿ ಮಂಚಕ್ಕೆ ಏರಿಸುವುದು, ಸಾಧ್ಯವಾದಲ್ಲಿ ಮಂಚದ ಕಾಲುಗಳ ಕೆಳಗೆ ಭದ್ರವಾದ ಮರದ ದಿಮ್ಮಿಗಳನ್ನಿಟ್ಟು ಎತ್ತರಿಸುವುದು: ಇವೆಲ್ಲ ಒಂದೇ ಸೂತ್ರದ ಬೇರೆ ಬೇರೆ ರೂಪಗಳು. ಸೂತ್ರ ಗೊತ್ತಿರುವವಳು ಕೈಪಿಡಿಯಲ್ಲಿಲ್ಲದ ಐದನೆಯ ರೂಪವನ್ನು ತಾನೇ ಕಂಡುಕೊಳ್ಳುತ್ತಾಳೆ. ‘ಬೆನ್ನು ನೇರವಾಗಿರಲಿ’ ಎಂಬ ಚಿತ್ರದ ಅಡಿಬರಹದಿಂದ ಇದು ಬರುವುದಿಲ್ಲ.

ಹಾಸಿಗೆ ಹುಣ್ಣಿನ ವಿಷಯವೂ ಇಂಥದೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂಬ ನಿಯಮ ಎಲ್ಲರಿಗೂ ಬಾಯಿಗೆ ಬರುತ್ತದೆ. ಚರ್ಮದ ಲೋಮನಾಳಗಳಲ್ಲಿನ ಒತ್ತಡ 32 ಮಿ.ಮೀ. ಪಾದರಸದ ಆಸುಪಾಸು ಎಂದು 1930ರಲ್ಲೇ ಅಳೆದಿದ್ದಾರೆ. ಹಿಮ್ಮಡಿ, ಬಾಲಮೂಳೆಗಳಂಥ ಕಿರಿದಾದ ಜಾಗದಲ್ಲಿ ಭಾರ ನಿಂತರೆ ಒತ್ತಡ ಅದನ್ನು ಸುಲಭವಾಗಿ ದಾಟಿ ರಕ್ತಸಂಚಾರ ನಿಲ್ಲುತ್ತದೆ. ಇಲ್ಲಿ ಕಲಿಸದೆ ಬಿಡುವುದು ಜಾರುಬಲವನ್ನು. ಮಗ್ಗುಲು ಬದಲಿಸುವ ಹೆಸರಿನಲ್ಲಿ ಮೈಯನ್ನು ಹಾಸಿಗೆಯ ಮೇಲೆ ಎಳೆದಾಡಿದರೆ ಚರ್ಮ ಹಾಸಿಗೆಗೆ ಅಂಟಿ ನಿಂತು ಒಳಗಿನ ಮೂಳೆ ಸರಿಯುತ್ತದೆ, ನಡುವಿನ ನಾಳಗಳು ತಿರುಚುತ್ತವೆ. ನಿಯಮ ಪಾಲಿಸಿಯೇ ಹುಣ್ಣು ಮಾಡಬಹುದು!

ಗಂಟೆಗಳ ಲೆಕ್ಕ

ಅಮೆರಿಕದಲ್ಲಿ ಮನೆಗೆ ಹೋಗಿ ಆರೈಕೆ ಮಾಡುವ ಸಹಾಯಕರಿಗೆ ಕೇಂದ್ರ ಸರ್ಕಾರದ ಕನಿಷ್ಠ ನಿಯಮ 75 ಗಂಟೆ, ಅದರಲ್ಲಿ 16 ಗಂಟೆಯಾದರೂ ಮೇಲ್ವಿಚಾರಣೆಯಲ್ಲಿ ಕೈಯಿಂದ ಮಾಡಿದ ಕೆಲಸವಾಗಿರಬೇಕು. ಇದು ಸಾಲದು, 120 ಗಂಟೆಯಾದರೂ ಬೇಕು, ವೃದ್ಧರ ಆರೈಕೆಯಲ್ಲಿ ಸಾಮರ್ಥ್ಯವನ್ನು ಮಾಡಿ ತೋರಿಸಬೇಕು ಎಂದು ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆಯ 2008ರ ವರದಿ ಹೇಳಿತು. 2000ದಿಂದ ದೀರ್ಘಕಾಲೀನ ಆರೈಕೆಗೆ ವಿಮೆಯನ್ನೇ ತಂದ ಜಪಾನಿನಲ್ಲಿ ಆರಂಭಿಕ ತರಬೇತಿ 130 ಗಂಟೆ. ಇವನ್ನು ನಮ್ಮ ಆಶಾ ಕಾರ್ಯಕರ್ತೆಗೆ ಹಾಗೆಯೇ ಹೇರಬೇಕೆಂದು ನಾನು ಹೇಳುತ್ತಿಲ್ಲ. ಆಕೆ ಸಂಬಳದ ನೌಕರಳಲ್ಲ, ಗೌರವಧನ ಮತ್ತು ಪ್ರೋತ್ಸಾಹಧನದ ಮೇಲೆ ದುಡಿಯುವವಳು, ಹೆರಿಗೆಯಿಂದ ಲಸಿಕೆಯವರೆಗೆ ಕೈತುಂಬ ಕೆಲಸವಿರುವವಳು. ಗಂಟೆಗಳನ್ನು ಹೆಚ್ಚಿಸಿ ಅದೇ ಪರದೆಯನ್ನು ಇನ್ನಷ್ಟು ಹೊತ್ತು ತೋರಿಸಿದರೆ ಆಕೆಯ ಒಂದು ದಿನದ ಸಂಪಾದನೆ ಹೋಗುತ್ತದೆ, ಅಷ್ಟೆ. ಇರುವ ಎರಡು ದಿನಗಳಲ್ಲಿ ಒಂದೂವರೆ ದಿನವನ್ನು ಕೈಕೆಲಸಕ್ಕೆ ಬಿಡಬೇಕು. ಪರೀಕ್ಷೆಯೂ ಹಾಗೆಯೇ ಆಗಬೇಕು. ವೈದ್ಯಕೀಯ ಶಿಕ್ಷಣದಲ್ಲಿ 1975ರಲ್ಲೇ ಸ್ಕಾಟ್ಲೆಂಡಿನ ಡಂಡೀಯ ರೊನಾಲ್ಡ್ ಹಾರ್ಡನ್ ಸಣ್ಣ ಸಣ್ಣ ಕಟ್ಟೆಗಳ ಪ್ರಾಯೋಗಿಕ ಪರೀಕ್ಷೆಯನ್ನು ತಂದರು: ಪ್ರತಿ ಕಟ್ಟೆಯಲ್ಲೂ ಒಂದೊಂದು ಕೆಲಸ, ಕೆಲವೇ ನಿಮಿಷ, ಎದುರಿಗೆ ಗುರುತು ಹಾಕುವ ಪರೀಕ್ಷಕ. ಒಂದು ಕಟ್ಟೆಯಲ್ಲಿ ಒತ್ತಡ ಅಳೆಯಲಿ, ಒಂದರಲ್ಲಿ ಕೋಲಿನ ಎತ್ತರವನ್ನು ಮಣಿಕಟ್ಟಿಗೆ ಹೊಂದಿಸಲಿ, ಒಂದರಲ್ಲಿ ನೆಲದಿಂದ ಎಬ್ಬಿಸಲಿ. ನಾಲ್ಕು ಮೀಟರ್ ಗೆರೆ ಎಳೆದು ನಡಿಗೆಯ ವೇಗ ಅಳೆಯಲು ಮೊಬೈಲಿನ ಗಡಿಯಾರ ಸಾಕು. ಸೆಕೆಂಡಿಗೆ 0.8 ಮೀಟರಿಗಿಂತ ನಿಧಾನವಾದರೆ ಸ್ನಾಯುಶಕ್ತಿ ಕುಂದಿರುವ ಸೂಚನೆ. ನಮ್ಮ ತಾಲ್ಲೂಕು ಕೇಂದ್ರಗಳ ಪ್ರೌಢಶಾಲೆ, ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಅಳತೆಗೋಲು, ಸ್ಟಾಪ್‌ವಾಚು, ಸ್ಪ್ರಿಂಗ್ ತಕ್ಕಡಿ, ಕೋನಮಾಪಕ ಎಲ್ಲ ಇವೆ. ರಜೆಯ ಎರಡು ದಿನ ಅವನ್ನು ಬಿಟ್ಟುಕೊಡಲು, ಜೊತೆಗೆ ನಿಂತು ತೋರಿಸಿಕೊಡಲು ವಿಜ್ಞಾನ ಶಿಕ್ಷಕರು ಒಪ್ಪುತ್ತಾರೆ ಎಂದೇ ನನ್ನ ನಂಬಿಕೆ.

ಕೊನೆಯದಾಗಿ ಭಾಷೆಯ ಮಾತು. ಅನುವಾದಿತ ಪಠ್ಯಗಳಲ್ಲಿ ‘ಭಂಗಿಜನ್ಯ ರಕ್ತದೊತ್ತಡ ಕುಸಿತ’ದಂಥ ಪ್ರಯೋಗಗಳು ತುಂಬಿವೆ. ಕಾರ್ಯಕರ್ತೆ ಅದನ್ನು ಬರೆದುಕೊಳ್ಳುತ್ತಾಳೆ, ಮನೆಯಲ್ಲಿ ಕೇಳಲಾರಳು. ಆದರೆ ಇಲ್ಲಿ ಕನ್ನಡಕ್ಕೆ ಇಂಗ್ಲಿಷಿಗಿಂತ ಅನುಕೂಲವಿದೆ. ಇಂಗ್ಲಿಷಿನ ‘ಡಿಜಿನೆಸ್’ ಎಂಬ ಒಂದೇ ಪದ ಮೂರು ಬೇರೆ ಬೇರೆ ತೊಂದರೆಗಳನ್ನು ಮುಚ್ಚಿಡುತ್ತದೆ, ಅದನ್ನು ಬಿಡಿಸಲು ಅಲ್ಲಿಯ ವೈದ್ಯರು ಮತ್ತಷ್ಟು ಪ್ರಶ್ನೆ ಕೇಳಬೇಕು. ನಮ್ಮ ಹಳ್ಳಿಯ ಅಜ್ಜಿ ಮನೆ ಗಿರಗಿರ ತಿರುಗಿದಂತಾದರೆ ‘ತಲೆ ಸುತ್ತುತ್ತದೆ’ ಎನ್ನುತ್ತಾಳೆ, ಎದ್ದ ಕೂಡಲೇ ಮುಂದಿನದು ಮಬ್ಬಾದರೆ ‘ಕಣ್ಣು ಕತ್ತಲೆ ಬರುತ್ತದೆ’ ಎನ್ನುತ್ತಾಳೆ, ಕಾಲು ನಿಲ್ಲದಿದ್ದರೆ ‘ಜೋಲಿ ಹೊಡೆಯುತ್ತದೆ’ ಎನ್ನುತ್ತಾಳೆ. ಮೊದಲನೆಯದಕ್ಕೆ ಒಳಕಿವಿಯನ್ನೂ ಎರಡನೆಯದಕ್ಕೆ ನಿಲ್ಲಿಸಿ ಅಳೆದ ರಕ್ತದೊತ್ತಡವನ್ನೂ ಮೂರನೆಯದಕ್ಕೆ ಸ್ನಾಯು ಮತ್ತು ನರಗಳನ್ನೂ ಮೊದಲು ನೋಡಬೇಕು. ತಪಾಸಣಾ ಪಟ್ಟಿಯಲ್ಲಿ ಈಗ ಇರುವುದು ಮೂರನೆಯದರ ಪ್ರಶ್ನೆ ಮಾತ್ರ. ಉಳಿದ ಎರಡನ್ನು ಅಜ್ಜಿಯ ಮಾತಿನಲ್ಲೇ ಸೇರಿಸಿದರೆ ಪಟ್ಟಿ ಎರಡು ಸಾಲು ಉದ್ದವಾಗುತ್ತದೆ, ಕಾರ್ಯಕರ್ತೆ ಯಾವ ಅಳತೆಯಿಂದ ಶುರುಮಾಡಬೇಕೆಂಬುದು ಅವಳಿಗೆ ಹೊಸ್ತಿಲಲ್ಲೇ ತಿಳಿಯುತ್ತದೆ.